ಕಂಟ್ರಿ ಬ್ಯಾಂಡಿನಲ್ಲಿ ಮೈಸೂರಿನ ಪಿಟೀಲು

ಟೆಕ್ಸಸ್‌ನ ಆಸ್ಟಿನ್‌ನಲ್ಲಿ ಹಳೇ ಶೈಲಿಯ ಕಂಟ್ರಿ, ಅಂದರೆ ಅಮೆರಿಕದ ಹಳ್ಳಿಗಾಡಿನ ಸಂಗೀತ, ಹಾಡುವ ಒಂದು ಬ್ಯಾಂಡಿಗೆ ನಾನು ಪಿಟೀಲು ನುಡಿಸುತ್ತೇನೆ. ವಾರವಿಡೀ ಸಾಫ್ಟ್‌ವೇರ್ ಕೆಲಸ, ಶುಕ್ರವಾರ ಶನಿವಾರ ರಾತ್ರಿ ಇದು. ನಾನು ಕಲಿತದ್ದು ಮೈಸೂರಿನಲ್ಲಿ, ಸರಳೆ, ವರ್ಣ, ಕೃತಿ ಅಂತ ಎಲ್ಲರ ಹಾಗೇ. ಇಲ್ಲಿ ಕನ್ನಡದವರು ಸಿಕ್ಕಾಗಲೆಲ್ಲ ಒಂದು ಪ್ರಶ್ನೆ ಗ್ಯಾರಂಟಿ: “ಕಂಟ್ರಿ ಅಂದ್ರೆ ಟೋಪಿ ಹಾಕ್ಕೊಂಡು ಟ್ರಕ್ಕು, ಬಿಯರ್ ಅಂತ ಹಾಡೋದಲ್ವಾ?” ಟೋಪಿ ಇದೆ, ಸುಳ್ಳಲ್ಲ. ನಾನೂ ಒಂದು ಕೊಂಡಿದ್ದೇನೆ. ಆದರೆ ಟೋಪಿಯಿಂದಾಗಲೀ ಟ್ರಕ್ಕಿನಿಂದಾಗಲೀ ಒಂದು ಹಾಡು ಸಾಂಪ್ರದಾಯಿಕ ಕಂಟ್ರಿ ಆಗುವುದಿಲ್ಲ. ಗಾಯಕ ಹಾಡುತ್ತಿರುವಾಗ ಉಳಿದ ವಾದ್ಯಗಳು ಏನು ಮಾಡುತ್ತಿವೆ ಅಂತ ಕಿವಿಗೊಟ್ಟು ಕೇಳಿ. ನನ್ನ ಪ್ರಕಾರ ಗುಟ್ಟು ಅಲ್ಲಿದೆ.

ನಮ್ಮ ಬ್ಯಾಂಡಿನಲ್ಲಿ ಗಾಯಕನ ಕೈಯಲ್ಲಿ ಸಾದಾ ಗಿಟಾರು, ಪಕ್ಕದಲ್ಲಿ ಟೆಲಿಕಾಸ್ಟರ್ ಅನ್ನುವ ಎಲೆಕ್ಟ್ರಿಕ್ ಗಿಟಾರು, ಆಳೆತ್ತರದ ಬೇಸ್, ಸಣ್ಣ ಡ್ರಮ್, ಪೆಡಲ್ ಸ್ಟೀಲ್ (ಮಲಗಿಸಿಟ್ಟು, ತಂತಿಯ ಮೇಲೆ ಲೋಹದ ತುಂಡು ಜಾರಿಸಿ, ಕಾಲಲ್ಲಿ ಪೆಡಲ್ ಒತ್ತಿ ನುಡಿಸುವ ಗಿಟಾರು), ಮತ್ತೆ ನನ್ನ ಪಿಟೀಲು. ಸೇರಿದ ಮೇಲೆ ಮೊದಲು ಬದಲಾಗಬೇಕಾದ್ದು ಮೈ. ನಾವು ನೆಲದ ಮೇಲೆ ಕೂತು, ಪಿಟೀಲಿನ ತುದಿಯನ್ನು ಬಲಪಾದದ ಮೇಲೆ ಊರುತ್ತೇವೆ. ವಾದ್ಯ ಅಲ್ಲಾಡುವುದಿಲ್ಲ, ಎಡಗೈಗೆ ಹೊರುವ ಕೆಲಸವಿಲ್ಲ, ಜಾರು ಸಲೀಸು. ಇಲ್ಲಿ ನಿಂತೇ ನುಡಿಸಬೇಕು. ಗದ್ದ, ಭುಜದ ನಡುವೆ ವಾದ್ಯ ನಿಲ್ಲಿಸುವುದು ರೂಢಿಯಾಗುವವರೆಗೂ ಕತ್ತು ನೋವು ಬಿಡಲಿಲ್ಲ. ತಂತಿಗಳೂ ಬೇರೆ. ಸ-ಪ-ಸ-ಪ ಬಿಟ್ಟು ಜಿ-ಡಿ-ಎ-ಇ ಶ್ರುತಿಗೆ ಬಂದೆ. ಎಲ್ಲ ತಂತಿಗಳ ನಡುವೆಯೂ ಒಂದೇ ಅಂತರ, ಅಂದರೆ ಸ-ಪ ಅಂತರ. ಬೆರಳುಗಳಿಗೆ ಹೊಸ ನಕ್ಷೆ ಬೇಕಾಯ್ತು, ಅಷ್ಟೇ.

ಜಾಸ್ತಿ ಕೆಲಸ ಬಿದ್ದದ್ದು ಕಿವಿಗೆ. ನಮ್ಮಲ್ಲಿ ತಂಬೂರಿ ಶುರುವಾದರೆ ಕಛೇರಿ ಮುಗಿಯುವವರೆಗೂ ಅದೇ ಷಡ್ಜ. ಇಲ್ಲಿ ಕಾಲಡಿಯ ನೆಲವೇ ಆಗಾಗ ಸರಿಯುತ್ತದೆ. ಒಟ್ಟಿಗೆ ನುಡಿಸುವ ಸ್ವರಗಳ ಗುಂಪಿಗೆ ಕಾರ್ಡ್ ಅನ್ನುತ್ತಾರೆ, ಅದು ಬದಲಾದಾಗ ನೆಲ ಸರಿಯುತ್ತದೆ. ಕಾರ್ಡ್‌ಗಳನ್ನು ಈ ಜನ ಒಂದು, ನಾಲ್ಕು, ಐದು ಅಂತ ಸಂಖ್ಯೆಯಲ್ಲಿ ಹೇಳುತ್ತಾರೆ. ಕಂಟ್ರಿ ರೆಕಾರ್ಡಿಂಗ್‌ನ ಕೇಂದ್ರವಾದ ನ್ಯಾಶ್‌ವಿಲ್ ಊರಿನ ಜೋರ್ಡನೇರ್ಸ್ ಗಾಯಕ ತಂಡದ ನೀಲ್ ಮ್ಯಾಥ್ಯೂಸ್ 1950ರ ದಶಕದ ಕೊನೆಯಲ್ಲಿ ರೆಕಾರ್ಡಿಂಗ್‌ನಲ್ಲಿ ಸಮಯ ಉಳಿಸಲು ಮಾಡಿಕೊಂಡ ಉಪಾಯ ಇದು. ನನಗಂತೂ ಹಬ್ಬ. ಶ್ರುತಿ ಎಷ್ಟೇ ಏರಿಳಿದರೂ ನಮ್ಮ ಸ್ವರಗಳ ಹೆಸರು ಬದಲಾಗುವುದಿಲ್ಲವಲ್ಲ, ಹಾಗೇ ಇದೂ. ‘ಒಂದು’ ಅಂದರೆ ಸ-ಗ-ಪ. ‘ನಾಲ್ಕು’ ಅಂದರೆ ಮ-ದ-ಸ. ‘ಐದು’ ಅಂದರೆ ಪ-ನಿ-ರಿ. ಬ್ಯಾಂಡು ಒಂದರಲ್ಲಿದ್ದಾಗ ಗಾಂಧಾರದ ಮೇಲೆ ಎಷ್ಟು ಹೊತ್ತು ನಿಂತರೂ ಸುಖ. ಬ್ಯಾಂಡು ನಾಲ್ಕಕ್ಕೆ ಸರಿದ ಮೇಲೂ ಅಲ್ಲೇ ನಿಂತರೆ ಅದು ಮಧ್ಯಮಕ್ಕೆ ಉಜ್ಜಿ ಜಾಝ್ ವಾಸನೆ ಬರುತ್ತದೆ. ಜಾಝ್ ಕೆಟ್ಟದ್ದು ಅಂತಲ್ಲ, ಇಲ್ಲಿ ಬೇಡ ಅಷ್ಟೇ.

ಅಭ್ಯಾಸಕ್ಕೆ ನಾನು ಆರಿಸಿಕೊಂಡದ್ದು ಹೆಸರಾಂತ ಕಂಟ್ರಿ ಗಾಯಕ ಹ್ಯಾಂಕ್ ವಿಲಿಯಮ್ಸ್ 1952ರಲ್ಲಿ ಹಾಡಿದ ‘ಜಂಬಲಾಯಾ’. ಇಡೀ ಹಾಡಿಗೆ ಎರಡೇ ಕಾರ್ಡ್, ಒಂದು ಮತ್ತು ಐದು. ಹಾಡು ಹಾಕಿಕೊಂಡು ಪ್ರತಿ ಕಾರ್ಡಿಗೂ ಒಂದೇ ಸ್ವರ ಹಿಡಿಯುವುದು, ಕಾರ್ಡ್ ಬದಲಾದಾಗ ತೀರಾ ಹತ್ತಿರದ ಸ್ವರಕ್ಕೆ ಹೋಗುವುದು. ಗಾಂಧಾರದಿಂದ ರಿಷಭಕ್ಕೆ, ಷಡ್ಜದಿಂದ ನಿಷಾದಕ್ಕೆ. ಕೇಳಲು ಬೋರು. ಆದರೆ ನೆಲ ಯಾವಾಗ ಸರಿಯುತ್ತದೆ ಅಂತ ಕಿವಿಗೆ ಮುಂಚೆಯೇ ಗೊತ್ತಾಗತೊಡಗಿದ್ದು ಹೀಗೇ.

ರಾಗದ ದೃಷ್ಟಿಯಿಂದ ಹೊಸದೇನೂ ಇಲ್ಲ. ಮುಕ್ಕಾಲು ಪಾಲು ಮೋಹನ, ಅಲ್ಲಲ್ಲಿ ಶಂಕರಾಭರಣದ ಮ, ನಿ. ವ್ಯತ್ಯಾಸ ಇರುವುದು ಒಂದು ಸ್ವರವನ್ನು ಮುಟ್ಟುವ ರೀತಿಯಲ್ಲಿ. ಎ ಶ್ರುತಿಯ ಹಾಡು ಅಂದುಕೊಳ್ಳಿ. ಎ ತಂತಿಯ ಮೇಲೆ ನಡುಬೆರಳನ್ನು ಸಾಧಾರಣ ಗಾಂಧಾರದಲ್ಲಿ, ಅಂದರೆ ಕೆಳಗಿನ ಗಾಂಧಾರದಲ್ಲಿ, ಇಡುತ್ತೇನೆ. ಪಕ್ಕದ ಇ ತಂತಿ ಖಾಲಿ, ಅದು ಪಂಚಮ. ಕಮಾನು ಎರಡೂ ತಂತಿಗೆ ಒಟ್ಟಿಗೆ ತಾಗಿರಬೇಕು. ಶುರುವಿನಲ್ಲಿ ಸ್ವಲ್ಪ ಒತ್ತಿ, ಬೆರಳನ್ನು ಮೇಲಿನ ಅಂತರ ಗಾಂಧಾರಕ್ಕೆ ಜಾರಿಸುತ್ತಾ ಒತ್ತಡ ಬಿಡುತ್ತಾ ಹೋಗಬೇಕು. ಮುಟ್ಟಿದ ಮೇಲೆ ಅಲುಗಿಸಬಾರದು. ನಮ್ಮ ಕೈಗೆ ಅಲ್ಲೊಂದು ಗಮಕ ತಾನಾಗಿ ಬಂದುಬಿಡುತ್ತದೆ, ಅದನ್ನು ತಡೆಯಬೇಕು. ಅಳು ಬರುವ ಗಂಟಲು ಒಂದು ಕ್ಷಣ ಒಡೆದು ಸುಧಾರಿಸಿಕೊಳ್ಳುತ್ತದಲ್ಲ, ಹ್ಯಾಂಕ್ ವಿಲಿಯಮ್ಸ್‌ನ ದನಿಯಲ್ಲಿ ಅದು ಹೆಜ್ಜೆಹೆಜ್ಜೆಗೂ ಸಿಗುತ್ತದೆ. ಪಿಟೀಲೂ ಸ್ಟೀಲೂ ಮಾಡುವುದು ಅದನ್ನೇ.

ಇನ್ನು ಸುಮ್ಮನಿರುವ ವಿಷಯ. ಕಛೇರಿಯಲ್ಲಿ ಪಕ್ಕವಾದ್ಯದ ಪಿಟೀಲು ಹಾಡುಗಾರರ ಬೆನ್ನಿಗೇ ಇರುತ್ತದೆ. ಅವರು ಎಳೆದ ಗೆರೆಯ ಮೇಲೇ ನಾವೂ ಎಳೆಯುತ್ತೇವೆ, ಆಲಾಪನೆಯಲ್ಲಿ ಬಾಲ ಹಿಡಿದು ಹೋಗುತ್ತೇವೆ. ಇಲ್ಲಿ ಅದು ಪೂರ್ತಿ ನಿಷಿದ್ಧ. ಗಾಯಕ ಒಂದು ಸಾಲು ಹಾಡುತ್ತಾನೆ, ಉಸಿರೆಳೆದುಕೊಳ್ಳುತ್ತಾನೆ. ಆ ಉಸಿರಿನಷ್ಟು ಜಾಗ ಮಾತ್ರ ನಮ್ಮದು. ಅದರಲ್ಲೂ ಪಾಲು: ಮೊದಲ ಚರಣದ ಸಂದುಗಳು ಸ್ಟೀಲಿಗೆ, ಪಲ್ಲವಿಯವು ನನಗೆ, ಮುಂದಿನ ಚರಣದವು ಗಿಟಾರಿಗೆ. ನಮ್ಮ ಸ್ಟೀಲ್ ನುಡಿಸುವ ಹಿರಿಯರು ಶುರುವಿನಲ್ಲೇ ಹೇಳಿದ್ದರು: “ಅವನ ಮಾತು ಮುಗಿಯೋವರೆಗೂ ಕಮಾನು ತಂತಿಗೆ ತಾಗಿಸಬೇಡ.” ಒಂದು ರೆಕಾರ್ಡಿಂಗನ್ನು ಅಮ್ಮನಿಗೆ ಕಳಿಸಿದ್ದೆ. ಕೇಳಿದವರೇ ಫೋನ್ ಮಾಡಿದರು. “ಮೋಹನ ಚೆನ್ನಾಗಿದೆ ಕಣೋ. ಆದ್ರೆ ಅವನು ಹಾಡೋವಾಗೆಲ್ಲ ನೀನ್ಯಾಕೆ ಸುಮ್ನೆ ಕೂತಿದ್ದೀಯ?” ಕೂತಿಲ್ಲಮ್ಮ, ನಿಂತಿದ್ದೀನಿ ಅಂದೆ.

ಹ್ಯಾಂಕ್ ವಿಲಿಯಮ್ಸ್ ರೆಕಾರ್ಡ್‌ಗಳಲ್ಲಿ ಜೆರ್ರಿ ರಿವರ್ಸ್ ಅವರ ಪಿಟೀಲು, ಡಾನ್ ಹೆಲ್ಮ್ಸ್ ಅವರ ಸ್ಟೀಲ್ ಕೇಳಿದರೆ ಇದು ಸ್ಪಷ್ಟವಾಗುತ್ತದೆ. ಮೂರು ನಿಮಿಷದ ಹಾಡಿನಲ್ಲಿ ಒಂದು ಮಾತೂ ಕಿವಿ ತಪ್ಪುವುದಿಲ್ಲ. ಮಾತೇ ಇಲ್ಲಿ ಯಜಮಾನ. ಮನೆ ಬಿಟ್ಟು ಹೋದವಳ ಕತೆ, ಕುಡಿತದ ಕತೆ, ಸತ್ತುಹೋದ ಅಮ್ಮನ ಕತೆ, ಎಲ್ಲ ಆಡುಮಾತಿನಲ್ಲಿ, ಒಂದೇ ಸಲ ಕೇಳಿದರೆ ಅರ್ಥ ಆಗಬೇಕು.

ಹಾಗಂತ ಇದನ್ನು ಕಲಬೆರಕೆ ಇಲ್ಲದ ಶುದ್ಧ ಸಂಪ್ರದಾಯ ಅಂದುಕೊಳ್ಳಬೇಡಿ. ಶುದ್ಧ ಅನ್ನುವವರ ಜೊತೆ ನನಗೆ ಜಗಳವೇ ಇದೆ. ಬ್ಯಾಂಜೋದ ಬೇರು ಆಫ್ರಿಕಾದ್ದು. ಸ್ಟೀಲ್ ಗಿಟಾರು ಹವಾಯಿಯದು. ಹ್ಯಾಂಕ್ ವಿಲಿಯಮ್ಸ್‌ಗೆ ಹುಡುಗನಾಗಿದ್ದಾಗ ಗಿಟಾರು ಹೇಳಿಕೊಟ್ಟದ್ದು ಟೀ-ಟಾಟ್ ಅಂತ ಹೆಸರಾದ ಕಪ್ಪು ಬೀದಿಗಾಯಕ ರೂಫಸ್ ಪೇನ್. 1927ರಲ್ಲಿ ರೆಕಾರ್ಡ್ ಕಂಪನಿಯ ರಾಲ್ಫ್ ಪಿಯರ್ ಅಮೆರಿಕದ ಬ್ರಿಸ್ಟಲ್ ಊರಿಗೆ ಬಂದು ಮೊದಲ ತಲೆಮಾರಿನ ಕಂಟ್ರಿ ಗಾಯಕರಾದ ಕಾರ್ಟರ್ ಕುಟುಂಬವನ್ನೂ ಜಿಮ್ಮಿ ರಾಜರ್ಸ್‌ನನ್ನೂ ರೆಕಾರ್ಡ್ ಮಾಡಿದಾಗ ಇದ್ದದ್ದು ಮನೆಯ ಜಗಲಿಯ ಸದ್ದು. ಮೇಬೆಲ್ ಕಾರ್ಟರ್ ಹೆಬ್ಬೆರಳಿನಿಂದ ದಪ್ಪ ತಂತಿಗಳ ಮೇಲೆ ಧಾಟಿ ನುಡಿಸುತ್ತಾ ಮೇಲಿನ ತಂತಿಗಳನ್ನು ಸವರಿ ತಾಳ ಹಾಕುತ್ತಿದ್ದರು. 1933ರಲ್ಲಿ ಪಾನನಿಷೇಧ ಹೋದ ಮೇಲೆ ಬಾರುಗಳು, ಅವುಗಳಲ್ಲಿ ಕಾಸು ಹಾಕಿದರೆ ರೆಕಾರ್ಡ್ ನುಡಿಸುವ ಜೂಕ್‌ಬಾಕ್ಸುಗಳು ಬಂದವು. ಆ ಗದ್ದಲದಲ್ಲಿ ಜಗಲಿಯ ಸದ್ದು ಎಲ್ಲಿ ಕೇಳಬೇಕು? ಗಾಯಕ ಅರ್ನೆಸ್ಟ್ ಟಬ್ 1941ರಲ್ಲಿ ಎಲೆಕ್ಟ್ರಿಕ್ ಗಿಟಾರು ಸೇರಿಸಿಕೊಂಡದ್ದು ಜೂಕ್‌ಬಾಕ್ಸಿನವರ ದೂರಿನಿಂದ ಅಂತ ಹೇಳುತ್ತಾರೆ. ನಮ್ಮ ಚೌಡಯ್ಯನವರೂ ಮೈಕಿಲ್ಲದ ಕಾಲದಲ್ಲಿ ಕೇಳಿಸಲಿ ಅಂತಲೇ ಅಲ್ವಾ ಪಿಟೀಲಿಗೆ ಏಳು ತಂತಿ ಕಟ್ಟಿದ್ದು?

ಪೆಡಲ್ ಒತ್ತಿ ಸ್ವರವನ್ನು ಬಾಗಿಸುವ ಸ್ಟೀಲ್ ಸದ್ದು ಜನಪ್ರಿಯವಾದದ್ದು 1954ರಲ್ಲಿ, ವೆಬ್ ಪಿಯರ್ಸ್ ಹಾಡಿನಲ್ಲಿ ಬಡ್ ಐಸಾಕ್ಸ್ ನುಡಿಸಿದ ಮೇಲೆ. ಈಗ ಅದಿಲ್ಲದಿದ್ದರೆ “ಇದೇನು ಕಂಟ್ರಿನಾ” ಅನ್ನುತ್ತಾರೆ. 50ರ ದಶಕದ ಕೊನೆಯಲ್ಲಿ ನ್ಯಾಶ್‌ವಿಲ್‌ನಲ್ಲಿ ರೆಕಾರ್ಡ್ ಮಾಡಿಸುತ್ತಿದ್ದ ನಿರ್ಮಾಪಕರಾದ ಚೆಟ್ ಅಟ್ಕಿನ್ಸ್, ಓವನ್ ಬ್ರಾಡ್ಲಿ ಪಿಟೀಲು-ಸ್ಟೀಲುಗಳನ್ನು ಹಿಂದಕ್ಕೆ ಸರಿಸಿ ಆರ್ಕೆಸ್ಟ್ರಾ, ಕೋರಸ್ ತಂದರು. ಪಿಟೀಲಿನವನಾಗಿ ನನಗೆ ಸಿಟ್ಟು ಬರಬೇಕು. ಆದರೂ ಓವನ್ ಬ್ರಾಡ್ಲಿ ಮಾಡಿಸಿದ ಪ್ಯಾಟ್ಸಿ ಕ್ಲೈನ್ ಹಾಡುಗಳಲ್ಲಿ ಮಾತಿಗೆ ಬಿಟ್ಟ ಜಾಗ ಹಾಗೇ ಇದೆ, ಅದಕ್ಕೇ ಅವು ನನಗೆ ಕಂಟ್ರಿಯೇ. ಈಗಿನ ಎಷ್ಟೋ ಹಿಟ್‌ಗಳಲ್ಲಿ ಪಿಟೀಲೂ ಇದೆ, ಬ್ಯಾಂಜೋನೂ ಇದೆ. ಉಸಿರಾಡುವ ಜಾಗ ಮಾತ್ರ ಇಲ್ಲ.

ಟೆಕ್ಸಸ್‌ನಲ್ಲಿ ಇನ್ನೊಂದು ಪರೀಕ್ಷೆ ಇದೆ, ಕುಣಿತ. ಇಲ್ಲಿ 1964ರಿಂದ ನಡೆಯುತ್ತಿರುವ ಬ್ರೋಕನ್ ಸ್ಪೋಕ್, ನ್ಯೂ ಬ್ರೌನ್‌ಫೆಲ್ಸ್‌ನಲ್ಲಿ 1878ರ ಗ್ರೀನ್ ಹಾಲ್, ಹೀಗೆ ಹಳೇ ಕುಣಿತದ ಮನೆಗಳಿವೆ. ಹೊಸಬರು ಒಂದು ಸಂಜೆ ಹೋಗಿ ಬರೀ ನೆಲ ನೋಡಬೇಕು. ಜೋಡಿಗಳು ಅಪ್ರದಕ್ಷಿಣೆಯಾಗಿ ಸುತ್ತುತ್ತವೆ, ಎರಡು ಹೆಜ್ಜೆ ಬೇಗ, ಎರಡು ಹೆಜ್ಜೆ ನಿಧಾನ. ಗಾಯಕ ರೇ ಪ್ರೈಸ್ 1956ರಿಂದ ಜನಪ್ರಿಯ ಮಾಡಿದ ಶಫಲ್ ನಡೆಯಲ್ಲಿ ಬೇಸು ಪ್ರತಿ ಮಾತ್ರೆಗೂ ಒಂದು ಹೆಜ್ಜೆ ಇಡುತ್ತದೆ. ನನ್ನ ಕಮಾನು ಒಂದು ಉದ್ದ, ಎರಡು ಗಿಡ್ಡ, ಒಂದು ಉದ್ದ, ಎರಡು ಗಿಡ್ಡ. ಒಂದೇ ಕಮಾನಿನಲ್ಲಿ ಹತ್ತಾರು ಸ್ವರ ಕಟ್ಟುವ ನಮ್ಮ ಕೈಗೆ ಇದನ್ನು ಹಿಡಿಸಲು ತಂತಿಯನ್ನು ಎಡಗೈಯಲ್ಲಿ ಮುಚ್ಚಿ, ಸ್ವರವೇ ಇಲ್ಲದೆ ಬರೀ ಗರಗರ ಅಂತ ಕಮಾನು ಆಡಿಸುತ್ತಿದ್ದೆ. ಮನೆಯವಳು ಬಾಗಿಲು ಹಾಕಿಕೊಳ್ಳುತ್ತಿದ್ದಳು.

ಸೋಲೋ ಅಂದರೆ ಅರ್ಧ ಚರಣ, ಉಳಿದರ್ಧ ಸ್ಟೀಲಿಗೆ. ಅಷ್ಟರಲ್ಲಿ ಹಾಡಿನ ಧಾಟಿ ಗುರುತು ಸಿಗಬೇಕು. ಕಲ್ಪನಾಸ್ವರ ತೋರಿಸಲು ಹೋದರೆ ಕುಣಿಯುವವರು ನೆಲ ಬಿಟ್ಟು ಬಿಯರ್ ತರಲು ಹೋಗುತ್ತಾರೆ.

ನಮ್ಮ ಸಂಗೀತ ಕಲಿತವರು ಯಾರಾದರೂ ಕೈ ಹಾಕುವುದಾದರೆ ಎ, ಡಿ ಶ್ರುತಿಗಳಿಂದ ಶುರು ಮಾಡಿ, ಖಾಲಿ ತಂತಿಗಳು ಜೊತೆ ಕೊಡುತ್ತವೆ. ಮೊದಲು ಹಾಡಿನ ಕೊನೆಯ ಸಾಲನ್ನು ಕಲಿಯಿರಿ, ಯಾಕೆಂದರೆ ಹಾಡು ಎತ್ತಿಕೊಡುವಾಗ ಪಿಟೀಲು ಸಾಮಾನ್ಯವಾಗಿ ನುಡಿಸುವುದು ಅದನ್ನೇ. ವೇದಿಕೆಯ ಮೇಲೆ ಗಾಯಕನ ಬೆರಳು ನೋಡುತ್ತಿರಿ. ಒಂದು ಬೆರಳು ಮೇಲೆ ಎತ್ತಿದರೆ ಜಿ, ಎರಡಾದರೆ ಡಿ, ಮೂರಾದರೆ ಎ. ಕೆಳಗೆ ತೋರಿಸಿದರೆ ಒಂದಕ್ಕೆ ಎಫ್, ಎರಡಕ್ಕೆ ಬಿ-ಫ್ಲಾಟ್. ಕೆಳಗೆ ಮೂರು ಬೆರಳು ಅಂದರೆ ಇ-ಫ್ಲಾಟ್, ಖಾಲಿ ತಂತಿಗಳನ್ನು ನಂಬಿಕೊಳ್ಳುವ ಹಾಗಿಲ್ಲ. ಅದಕ್ಕೆ ಬೇರೆ ತಯಾರಿ ಬೇಕು.