ಕೆಲಸದಲ್ಲಿ ಪೆಟ್ಟಾದರೆ: ಕ್ಯಾಲಿಫೋರ್ನಿಯಾಕ್ಕೆ ಹೊಸದಾಗಿ ಬಂದ ಕನ್ನಡಿಗರಿಗೆ ವರ್ಕರ್ಸ್ ಕಾಂಪ್ ಮಾಹಿತಿ

ಕೆಲಸದ ಜಾಗದಲ್ಲಿ ಜಾರಿ ಬಿದ್ದವರು ಮೊದಲು ಕೇಳುವ ಪ್ರಶ್ನೆ, "ತಪ್ಪು ನಂದೇ ಅಲ್ವಾ, ನಂಗೆ ಪರಿಹಾರ ಸಿಗುತ್ತಾ?" ಸಿಗುತ್ತದೆ. ಕೆಲಸದಲ್ಲಿ ಗಾಯವಾದವರ ಚಿಕಿತ್ಸೆಗೂ ಸಂಬಳದ ನಷ್ಟಕ್ಕೂ ಹಣ ಕೊಡುವ ವಿಮೆಯೇ ವರ್ಕರ್ಸ್ ಕಾಂಪೆನ್ಸೇಶನ್, ಅದರಲ್ಲಿ ತಪ್ಪು ಯಾರದು ಎಂದು ನೋಡುವುದಿಲ್ಲ. ಒದ್ದೆ ನೆಲವನ್ನು ಗಮನಿಸದೆ ಕಾಲಿಟ್ಟವರು ನೀವೇ ಆದರೂ, ಕೆಲಸ ಮಾಡುತ್ತಿದ್ದಾಗ, ಕೆಲಸದ ಕಾರಣಕ್ಕೆ ಪೆಟ್ಟಾಗಿದ್ದರೆ ಸಾಕು. ಕುಡಿದ ಅಮಲಿನಿಂದಲೇ ಆದ ಗಾಯ, ಬೇಕೆಂದೇ ಮಾಡಿಕೊಂಡದ್ದು, ತಾವೇ ಮೊದಲು ಕೈ ಎತ್ತಿದ ಜಗಳದಲ್ಲಿ ಆದದ್ದು, ಇಂಥ ಕೆಲವಕ್ಕೆ ಇಲ್ಲ. ಈ ವಿಮೆಯ ಪ್ರೀಮಿಯಂ ಪೂರ್ತಿ ಕಂಪನಿಯದು, ನಿಮ್ಮ ಸಂಬಳದಿಂದ ಒಂದು ಸೆಂಟನ್ನೂ ಅದಕ್ಕಾಗಿ ಹಿಡಿಯುವಂತಿಲ್ಲ.

ವೀಸಾ ಯಾವುದೆಂಬುದೂ ಇಲ್ಲಿ ಮುಖ್ಯವಲ್ಲ. ಎಚ್-1ಬಿ, ಎಚ್-4 ಇಎಡಿ, ಒಪಿಟಿ, ಯಾವುದರ ಮೇಲೆ ಕೆಲಸ ಮಾಡುತ್ತಿದ್ದರೂ ಅರ್ಹರೇ. ಕೆಲಸ ಮಾಡಲು ಪರವಾನಗಿ ಇಲ್ಲದವರಿಗೂ ಗಾಯದ ಚಿಕಿತ್ಸೆ ಕೊಡಿಸಬೇಕೆಂದೇ ರಾಜ್ಯದ ಕಾರ್ಮಿಕ ಕಾಯಿದೆ ಹೇಳುತ್ತದೆ. ಹೋಟೆಲ್, ಗ್ಯಾಸ್ ಸ್ಟೇಷನ್, ಮೋಟೆಲ್‌ಗಳಲ್ಲಿ ನಗದು ಸಂಬಳಕ್ಕೆ ದುಡಿಯುವವರೂ ನೌಕರರೇ. ಮಾಲೀಕರು ವಿಮೆಯನ್ನೇ ಮಾಡಿಸಿಲ್ಲದಿದ್ದರೆ, ಅಂಥವರಿಗೆಂದೇ ರಾಜ್ಯ ಇಟ್ಟಿರುವ ನಿಧಿಯಿಂದ ಪರಿಹಾರ ಕೇಳಬಹುದು. ಇನ್ನೊಬ್ಬರ ಮನೆಯಲ್ಲಿ ಮಗು ನೋಡಿಕೊಳ್ಳುವ, ಅಡುಗೆ ಮಾಡುವ ಹೆಂಗಸರು ನಮ್ಮಲ್ಲಿ ಸಾಕಷ್ಟಿದ್ದಾರೆ. ಗಾಯವಾಗುವ ಹಿಂದಿನ 90 ದಿನಗಳಲ್ಲಿ ಆ ಮನೆಯಲ್ಲಿ ಕನಿಷ್ಠ 52 ಗಂಟೆ ದುಡಿದು, 100 ಡಾಲರ್‌ಗೆ ಕಡಿಮೆಯಾಗದಂತೆ ಸಂಪಾದಿಸಿದ್ದರೆ ಅವರಿಗೂ ರಕ್ಷಣೆ ಇದೆ. ಸಾಮಾನ್ಯವಾಗಿ ಅದು ಆ ಮನೆಯವರ ಹೋಮ್ ಇನ್ಶೂರೆನ್ಸ್‌ನಲ್ಲೇ ಸೇರಿರುತ್ತದೆ. ಈ ವಿಷಯ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ, ಆಸ್ಪತ್ರೆ ಬಿಲ್ಲನ್ನು ತಾವೇ ಕಟ್ಟಿಬಿಡುತ್ತಾರೆ.

1099 ಮೇಲೆ, ಅಂದರೆ ನೌಕರರೆಂದಲ್ಲದೆ ಸ್ವತಂತ್ರ ಗುತ್ತಿಗೆದಾರರೆಂದು, ಕೆಲಸ ಮಾಡುವವರು ಅಷ್ಟಕ್ಕೇ ಕೈಚೆಲ್ಲಬೇಡಿ. ನೀವು ನೌಕರರಲ್ಲ ಎಂದು ಸಾಬೀತು ಮಾಡುವ ಹೊಣೆ ಸಾಮಾನ್ಯವಾಗಿ ಕಂಪನಿಯದೇ. ನಿಮ್ಮ ಕೆಲಸದ ಮೇಲೆ ಅದಕ್ಕೆ ಹಿಡಿತವಿಲ್ಲ, ನೀವು ಮಾಡುವುದು ಅದರ ಮಾಮೂಲಿ ವ್ಯವಹಾರಕ್ಕೆ ಹೊರಗಿನ ಕೆಲಸ, ಅದೇ ಕಸುಬಿನಲ್ಲಿ ನಿಮ್ಮದೇ ಸ್ವತಂತ್ರ ವ್ಯಾಪಾರ ಇದೆ, ಈ ಮೂರನ್ನೂ ಅದು ತೋರಿಸಬೇಕು. ಕನ್ಸಲ್ಟಿಂಗ್ ಕಂಪನಿಯ ಮೂಲಕ ಕ್ಲೈಂಟ್ ಆಫೀಸಿಗೆ ಹೋಗುವವರು ಪೆಟ್ಟಾದಾಗ ಎರಡೂ ಕಡೆ ತಿಳಿಸಿ. ಕ್ಲೈಂಟ್ ಮ್ಯಾನೇಜರ್‌ಗೆ ಮಾತ್ರ ಹೇಳಿದರೆ, ಸಂಬಳ ಕೊಡುವ ಕಂಪನಿ "ನಮಗೆ ಯಾರೂ ಹೇಳಲೇ ಇಲ್ಲ" ಅನ್ನಬಹುದು.

ಇನ್ನು ಎಂಥ ಗಾಯ? ಏಣಿಯಿಂದ ಬಿದ್ದದ್ದು, ಎಣ್ಣೆ ಸಿಡಿದು ಕೈ ಸುಟ್ಟದ್ದು ಎಲ್ಲರಿಗೂ ಅರ್ಥವಾಗುತ್ತದೆ. ದಿನವೂ ಕೀಬೋರ್ಡ್ ಕುಟ್ಟಿ ಮಣಿಕಟ್ಟು ಮರಗಟ್ಟುವುದು, ಭಾರ ಎತ್ತಿ ಎತ್ತಿ ಸೊಂಟ ಹಿಡಿಯುವುದು, ರಾಸಾಯನಿಕದಿಂದ ಉಬ್ಬಸ ಬರುವುದು ಕೂಡ ಲೆಕ್ಕಕ್ಕೆ ಬರುತ್ತವೆ. ಹಳೆಯ ಬೆನ್ನುನೋವನ್ನು ಕೆಲಸ ಹೆಚ್ಚು ಮಾಡಿದ್ದರೂ ಅರ್ಹತೆ ಇದೆ. ಹಳೆಯ ನೋವಿನ ಪಾಲನ್ನು ಕಳೆಯುವುದು ಶಾಶ್ವತ ಊನದ ಹಣದಲ್ಲಿ ಮಾತ್ರ, ಚಿಕಿತ್ಸೆಯಲ್ಲಿ ಅಲ್ಲ. ಮನೆಯಿಂದ ಕೆಲಸ ಮಾಡುವಾಗ ಆದದ್ದೂ ಸೇರುತ್ತದೆ, ಆದರೆ ಆ ಹೊತ್ತಿನಲ್ಲಿ ಕೆಲಸವನ್ನೇ ಮಾಡುತ್ತಿದ್ದಿರಿ ಎಂದು ತೋರಿಸಬೇಕಾದೀತು. ಮನೆಯಿಂದ ಆಫೀಸಿಗೆ ಹೋಗಿಬರುವ ದಾರಿಯ ಅಪಘಾತ ಸಾಮಾನ್ಯವಾಗಿ ಸೇರುವುದಿಲ್ಲ, ಕಂಪನಿಯ ಕೆಲಸಕ್ಕೆಂದು ಬೇರೆಲ್ಲಿಗೋ ಹೊರಟಿದ್ದರೆ ಸೇರುತ್ತದೆ. ಮಾನಸಿಕ ಒತ್ತಡದ ಕ್ಲೇಮ್ ಕಷ್ಟದ್ದು: ಸಾಮಾನ್ಯವಾಗಿ ಅಲ್ಲಿ ಕನಿಷ್ಠ 6 ತಿಂಗಳು ದುಡಿದಿರಬೇಕು, ಕಾಯಿಲೆಯ ಕಾರಣದಲ್ಲಿ ಅರ್ಧಕ್ಕಿಂತ ಹೆಚ್ಚು ಕೆಲಸದ್ದೇ ಆಗಿರಬೇಕು.

ಅರ್ಹತೆ ಇದ್ದೂ ಕ್ಲೇಮ್ ಕೆಡುವುದು ಹೆಚ್ಚಾಗಿ ಮೊದಲ ದಿನದ ಬರವಣಿಗೆಯಲ್ಲಿ. ಅರ್ಜೆಂಟ್ ಕೇರ್‌ಗೆ ಹೋದಾಗ ಕೈಗೆ ಕೊಡುವ ಫಾರಂನಲ್ಲಿ "ಇದು ಕೆಲಸಕ್ಕೆ ಸಂಬಂಧಿಸಿದ ಗಾಯವೇ?" ಎಂಬ ಒಂದು ಸಾಲು ಇರುತ್ತದೆ. ಬಾಸ್ ಏನಂದುಕೊಳ್ಳುತ್ತಾರೋ ಎಂಬ ಅಂಜಿಕೆಗೆ, ಇಲ್ಲವೇ ಹೇಗೂ ಹೆಲ್ತ್ ಇನ್ಶೂರೆನ್ಸ್ ಇದೆಯಲ್ಲ ಎಂಬ ಧೈರ್ಯಕ್ಕೆ, ನಮ್ಮವರು ಅಲ್ಲಿ "ಅಲ್ಲ" ಎಂದು ಟಿಕ್ ಹಾಕಿಬಿಡುತ್ತಾರೆ. ಎರಡು ತಿಂಗಳ ನಂತರ ಆಪರೇಷನ್ ಬೇಕೆಂದಾಗ ವಿಮೆ ಕಂಪನಿಯಲ್ಲಿ ಕ್ಲೇಮ್ ಪರಿಶೀಲಿಸುವ ಅಡ್ಜಸ್ಟರ್ ಮುಂದಿಡುವುದು ಆ ಹಾಳೆಯನ್ನೇ. ನಿಜ ಹೊರಬಿದ್ದರೆ ಹೆಲ್ತ್ ಇನ್ಶೂರೆನ್ಸ್‌ನವರೂ ಬಿಲ್ ಕೊಡಲು ಒಪ್ಪುವುದಿಲ್ಲ. ಆದ್ದರಿಂದ ಡಾಕ್ಟರಿಗೆ ಎಲ್ಲಿ, ಯಾವಾಗ, ಏನು ಮಾಡುತ್ತಿದ್ದಾಗ ಆಯಿತೆಂದು ಇದ್ದದ್ದು ಇದ್ದ ಹಾಗೆ ಹೇಳಿ, ಅವರು ಅದನ್ನು ಬರೆದುಕೊಂಡರೇ ಎಂದೂ ಕೇಳಿ. ಇಂಗ್ಲಿಷಿನಲ್ಲಿ ನೋವು ವಿವರಿಸುವುದು ಕಷ್ಟವಾದರೆ ಕನ್ನಡ ದುಭಾಷಿಯನ್ನು ಕೇಳುವ ಹಕ್ಕಿದೆ, ಅದರ ಖರ್ಚು ವಿಮೆ ಕಂಪನಿಯದು. ಅಪಾಯಿಂಟ್‌ಮೆಂಟ್‌ಗೆ ಮೊದಲೇ ಹೇಳಿಡಬೇಕು. ದಯವಿಟ್ಟು ಶಾಲೆಗೆ ಹೋಗುವ ಮಗನನ್ನು ಈ ಕೆಲಸಕ್ಕೆ ಕೂರಿಸಬೇಡಿ.

ಕಂಪನಿಗೆ 30 ದಿನದೊಳಗೆ ತಿಳಿಸಬೇಕು. ಅದೇ ದಿನ ತಿಳಿಸುವುದು ಒಳ್ಳೆಯದು, ಅದೂ ಈಮೇಲ್ ಅಥವಾ ಮೆಸೇಜ್‌ನಲ್ಲಿ. ಬಾಯಿಮಾತು ನಂತರ ನಿಲ್ಲುವುದಿಲ್ಲ. ತಿಳಿಸಿದ ಒಂದು ಕೆಲಸದ ದಿನದೊಳಗೆ ಅವರು ನಿಮಗೆ ಡಿಡಬ್ಲ್ಯುಸಿ-1 ಎಂಬ ಕ್ಲೇಮ್ ಫಾರಂ ಕೊಡಬೇಕು, ಕೊಡದಿದ್ದರೆ ರಾಜ್ಯದ ವೆಬ್‌ಸೈಟಿನಿಂದ ಇಳಿಸಿಕೊಳ್ಳಿ. ಮೇಲಿನ ಭಾಗ ನಿಮ್ಮದು, ಕೆಳಗಿನದು ಕಂಪನಿಯದು. ಯಾವ ಅಂಗಕ್ಕೆ ಪೆಟ್ಟು ಎಂದು ಕೇಳುವ ಕಡೆ ಹೆಚ್ಚು ನೋಯುವುದನ್ನಷ್ಟೇ ಬರೆದು ಸುಮ್ಮನಾಗಬೇಡಿ. ಬಿದ್ದಾಗ ಸೊಂಟದ ಜೊತೆ ಮೊಣಕೈಯೂ ಕುತ್ತಿಗೆಯೂ ಉಳುಕಿದ್ದರೆ ಮೂರನ್ನೂ ಬರೆಯಿರಿ. ಬರೆಯದೆ ಬಿಟ್ಟ ಕುತ್ತಿಗೆ ಮುಂದೆ ದೊಡ್ಡ ತಕರಾರಾಗುತ್ತದೆ. ಸಹಿ, ತಾರೀಕು ಹಾಕಿ, ಒಂದು ಪ್ರತಿ ಇಟ್ಟುಕೊಂಡೇ ಕೊಡಿ. ಮ್ಯಾನೇಜರ್‌ಗೆ ಹೇಳಿದ್ದೇ ಕ್ಲೇಮ್ ಎಂದು ತಿಳಿದು ಎಷ್ಟೋ ಜನ ಈ ಫಾರಂ ತುಂಬುವುದೇ ಇಲ್ಲ, ಗಡುವುಗಳು ಶುರುವಾಗುವುದು ಇದನ್ನು ಕೊಟ್ಟ ಮೇಲೆ.

ಫಾರಂ ಕೊಟ್ಟ ಒಂದು ಕೆಲಸದ ದಿನದೊಳಗೆ ಚಿಕಿತ್ಸೆಗೆ ಒಪ್ಪಿಗೆ ಸಿಗಬೇಕು, ವಿಚಾರಣೆ ನಡೆಯುತ್ತಿದ್ದರೂ 10,000 ಡಾಲರ್‌ವರೆಗೆ. ಸಾಮಾನ್ಯವಾಗಿ 90 ದಿನದೊಳಗೆ ತಿರಸ್ಕರಿಸದಿದ್ದರೆ ಗಾಯ ಕೆಲಸದ್ದೇ ಎಂದು ಕಾನೂನು ಎಣಿಸುತ್ತದೆ. ಕೆಲಸಕ್ಕೆ ಹೋಗಲಾಗದಿದ್ದರೆ ವಾರದ ಸರಾಸರಿ ಸಂಬಳದ ಮೂರನೇ ಎರಡು ಭಾಗ, ಒಂದು ಮಿತಿಯೊಳಗೆ, ತೆರಿಗೆ ಇಲ್ಲದೆ ಬರುತ್ತದೆ. ಮೊದಲ 3 ದಿನಕ್ಕೆ ಇಲ್ಲ. ರಜೆ 14 ದಿನ ದಾಟಿದರೆ ಅಥವಾ ಆಸ್ಪತ್ರೆಗೆ ಸೇರಿ ರಾತ್ರಿ ಉಳಿದಿದ್ದರೆ ಆ 3 ದಿನದ್ದೂ ಸೇರುತ್ತದೆ. ಹೆಚ್ಚಿನ ಗಾಯಗಳಿಗೆ ಇದರ ಮಿತಿ 104 ವಾರ. ವಿಮೆ ಕಂಪನಿ ಹಣ ತಡೆದಿಟ್ಟರೆ ಅಷ್ಟರಲ್ಲಿ ರಾಜ್ಯದ ಉದ್ಯೋಗ ಇಲಾಖೆಯಾದ ಇಡಿಡಿಯಲ್ಲಿ ಎಸ್‌ಡಿಐಗೆ, ಅಂದರೆ ಕೆಲಸ ಮಾಡಲಾಗದವರಿಗೆ ಹಣ ಕೊಡುವ ರಾಜ್ಯದ ವಿಮೆಗೆ, ಅರ್ಜಿ ಹಾಕಿ. ಒಪ್ಪಿಗೆ ಇಲ್ಲದೆ ಊರಿಗೆ ಹೋಗಿ ಮಾಡಿಸಿಕೊಂಡ ಚಿಕಿತ್ಸೆಯ ಬಿಲ್ ಸಿಗುತ್ತದೆಂದು ನಂಬಿ ಹೊರಡಬೇಡಿ.

ತಿರಸ್ಕಾರದ ಪತ್ರ ಬಂದರೆ ಅಲ್ಲಿಗೇ ಮುಗಿಯಿತೆಂದಲ್ಲ. ರಾಜ್ಯದ ವರ್ಕರ್ಸ್ ಕಾಂಪೆನ್ಸೇಶನ್ ವಿಭಾಗದ ಮಾಹಿತಿ ಮತ್ತು ನೆರವು ಅಧಿಕಾರಿಗಳು ಉಚಿತವಾಗಿ ದಾರಿ ತೋರಿಸುತ್ತಾರೆ. ಮೇಲ್ಮನವಿ ಮಂಡಳಿಗೆ ಅರ್ಜಿ ಹಾಕಲು ಸಾಮಾನ್ಯವಾಗಿ ಗಾಯವಾದ ದಿನದಿಂದ 1 ವರ್ಷ ಇದೆ. ನಿಧಾನವಾಗಿ ಬಂದ ನೋವಾದರೆ, ಅದರಿಂದ ಕೆಲಸಕ್ಕೆ ಅಡ್ಡಿಯಾಗಿ, ಕಾರಣ ಕೆಲಸವೇ ಎಂದು ತಿಳಿದ ದಿನವೇ ಗಾಯದ ದಿನ. ವಕೀಲರಿಗೆ ಮುಂಗಡ ಕೊಡಬೇಕಿಲ್ಲ, ಅವರ ಫೀಸು ಜಡ್ಜ್ ಒಪ್ಪಿದ ಮೇಲೆ ಬಂದ ಹಣದಿಂದಲೇ ಹೋಗುತ್ತದೆ. ಕ್ಲೇಮ್ ಹಾಕಿದ್ದಕ್ಕೆ ಕೆಲಸದಿಂದ ತೆಗೆಯುವುದು, ಕಿರುಕುಳ ಕೊಡುವುದು ಕಾನೂನುಬಾಹಿರ.

ಐಟಿಯವರು ಇದೊಂದನ್ನು ಮರೆಯಬಾರದು. ಲೇಆಫ್ ನೋಟಿಸ್ ಬಂದ ಮೇಲೆ ಹಾಕಿದ ಕ್ಲೇಮ್ ಸಾಮಾನ್ಯವಾಗಿ ಬಿದ್ದುಹೋಗುತ್ತದೆ. ನೋಟಿಸಿಗೆ ಮೊದಲೇ ಕಂಪನಿಗೆ ಗಾಯದ ವಿಷಯ ಗೊತ್ತಿತ್ತು, ಇಲ್ಲವೇ ಡಾಕ್ಟರ ದಾಖಲೆಯಲ್ಲಿ ಅದು ಬಂದಿತ್ತು ಎಂದು ತೋರಿಸಿದರೆ ಉಳಿಯುತ್ತದೆ. ಮಣಿಕಟ್ಟು ಆರು ತಿಂಗಳಿಂದ ನೋಯುತ್ತಿದ್ದರೆ ಈ ವಾರವೇ ಡಾಕ್ಟರನ್ನು ಕಾಣಿ, ಎಚ್‌ಆರ್‌ಗೆ ಎರಡು ಸಾಲಿನ ಈಮೇಲ್ ಹಾಕಿ, ಅದರ ಪ್ರತಿಯನ್ನು ಕಂಪನಿ ಲ್ಯಾಪ್‌ಟಾಪ್‌ನಲ್ಲಿ ಬಿಡದೆ ನಿಮ್ಮ ಬಳಿ ಇಟ್ಟುಕೊಳ್ಳಿ.

ಬೇರೆ ರಾಜ್ಯದಲ್ಲಿದ್ದರೆ ಈ ಗಡುವುಗಳನ್ನೇ ನಂಬಬೇಡಿ. ಟೆಕ್ಸಸ್‌ನಲ್ಲಿ ಖಾಸಗಿ ಕಂಪನಿಗಳಿಗೆ ಈ ವಿಮೆ ಕಡ್ಡಾಯವೇ ಅಲ್ಲ, ಸೇರಿದ ದಿನವೇ ಎಚ್‌ಆರ್‌ನಲ್ಲಿ ಕೇಳಿ. ವಾಷಿಂಗ್ಟನ್, ಒಹಾಯೊಗಳಲ್ಲಿ ಖಾಸಗಿ ವಿಮೆ ಕಂಪನಿಗಳ ಬದಲು ಸರ್ಕಾರಿ ನಿಧಿಯೇ ಇದನ್ನು ನಡೆಸುತ್ತದೆ.