ಎಳೆಯದ ಷೆವರ್ಲೆ 350: ಕಾರ್ಬೊರೇಟರ್ ಬಿಚ್ಚುವುದು ಕೊನೆಗೆ

ಹಳೇ ಅಮೆರಿಕನ್ ಕಾರಿನ ಪಿಕಪ್ ಹೋಯಿತೆಂದರೆ ಹೆಚ್ಚಿನವರ ಕೈ ಮೊದಲು ಹೋಗುವುದು ಕಾರ್ಬೊರೇಟರ್ ಮೇಲೆ. ಬಿಚ್ಚಿ, ತೊಳೆದು, ಹೊಸ ಕಿಟ್ ಹಾಕಿ ಕೂರಿಸಿದ ಮೇಲೂ ಗಾಡಿ ಹಾಗೇ ಇರುತ್ತದೆ. ಷೆವರ್ಲೆಯ ಸ್ಮಾಲ್ ಬ್ಲಾಕ್ ವಿ8 ಇಂಜಿನ್ 1955ರಲ್ಲಿ ಬಂತು. ಅದರ 350 ಘನ ಇಂಚಿನ, ಅಂದರೆ 5.7 ಲೀಟರಿನ ರೂಪ 1967ರ ಕಮಾರೊದಲ್ಲಿ ಮೊದಲು ಕಾಣಿಸಿಕೊಂಡು, ಆಮೇಲೆ ಇಂಪಾಲಾ, ನೋವಾ, ಕಾರ್ವೆಟ್‌ಗಳಿಗೂ ಟ್ರಕ್ಕುಗಳಿಗೂ ಇಳಿಯಿತು. ಗಟ್ಟಿ ಇಂಜಿನ್. ಶಕ್ತಿ ಸೋರುವುದು ಹೆಚ್ಚಾಗಿ ಟೈಮಿಂಗ್‌ನಲ್ಲಿ, ಅಂದರೆ ಪ್ಲಗ್ ಕಿಡಿ ಹಾರಿಸುವ ಹೊತ್ತಿನಲ್ಲಿ.

ಒಂದು ಮಾತು ಮೊದಲೇ. ಕಾರ್ವೆಟ್‌ನ ಎಲ್‌ಟಿ-1 ಇಂಜಿನ್‌ಗೆ 1971ರಲ್ಲಿ 330 ಅಶ್ವಶಕ್ತಿ ಎಂದು ಬರೆದಿದ್ದರು, 1972ರಲ್ಲಿ 255. ಇಂಜಿನ್ ಹೆಚ್ಚುಕಡಿಮೆ ಅದೇ. ಮೊದಲು ಫ್ಯಾನ್, ಸೈಲೆನ್ಸರ್ ಯಾವುದನ್ನೂ ಜೋಡಿಸದೆ ಅಳೆಯುತ್ತಿದ್ದರು, ಆಮೇಲೆ ಎಲ್ಲ ಜೋಡಿಸಿ ಅಳೆದರು. ಹಳೇ ಜಾಹೀರಾತಿನ ಅಂಕಿ ನೋಡಿ ನಿಮ್ಮ ಗಾಡಿ ಸೊರಗಿದೆ ಎಂದುಕೊಳ್ಳಬೇಡಿ.

ಮೊದಲು ಕಂಪ್ರೆಷನ್

ಇಂಜಿನ್ ಬಿಸಿ ಮಾಡಿ ಎಂಟೂ ಪ್ಲಗ್ ಬಿಚ್ಚಿ. ಇಗ್ನಿಷನ್ ಕರೆಂಟ್ ತಪ್ಪಿಸಿ. ಆ್ಯಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು, ಪ್ರತಿ ಸಿಲಿಂಡರಿಗೂ ಗೇಜ್ ಹಾಕಿ ನಾಲ್ಕೈದು ಸುತ್ತು ಸೆಲ್ಫ್ ಹೊಡೆಯಿರಿ. ಒತ್ತಡ 140–160 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಬಂದರೆ ಚೆನ್ನಾಗಿದೆ. ಅದಕ್ಕಿಂತ ಮುಖ್ಯವಾದದ್ದು ಸಮತೆ: ಅತಿ ಕಡಿಮೆಯದು ಅತಿ ಹೆಚ್ಚಿನದರ ಮುಕ್ಕಾಲು ಭಾಗಕ್ಕಿಂತ ಕೆಳಗಿರಬಾರದು. ಕಡಿಮೆ ಬಂದಲ್ಲಿ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿ. ಏರಿದರೆ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್ ಕೂರುತ್ತಿಲ್ಲ. ಅಕ್ಕಪಕ್ಕದ ಎರಡೂ ಕೆಳಗಿದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನಪಡಿ. ಇಲ್ಲಿ ಸೋತ ಇಂಜಿನ್‌ಗೆ ಮುಂದಿನ ಯಾವ ಕೆಲಸವೂ ದಂಡ.

ಟೈಮಿಂಗ್ ಚೈನ್

ಪ್ಲಗ್‌ಗಳಿಗೆ ಸರದಿಯಂತೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್‌ನ ಮುಚ್ಚಳ ತೆಗೆಯಿರಿ, ಒಳಗೆ ತಿರುಗುವ ರೋಟರ್ ಕಾಣುತ್ತದೆ. ಕ್ರ್ಯಾಂಕ್‌ನ (ಪಿಸ್ಟನ್‌ಗಳು ತಿರುಗಿಸುವ ಮುಖ್ಯ ದಂಡ) ಮುಂದಿನ ಬೋಲ್ಟ್‌ಗೆ ಸಾಕೆಟ್ ಹಾಕಿ ಕೈಯಲ್ಲೇ ಬಲಕ್ಕೆ ತಿರುಗಿಸಿ, ಆಮೇಲೆ ನಿಧಾನಕ್ಕೆ ಎಡಕ್ಕೆ. (ಇಂಚಿನ ಸಾಕೆಟ್ಟೇ ಬೇಕು, ಎಂಎಂ ಸ್ಪ್ಯಾನರ್ ಹಾಕಿ ಬೋಲ್ಟ್ ತಲೆ ಉರುಟು ಮಾಡಿಕೊಂಡವರು ಕಡಿಮೆಯೇನಿಲ್ಲ.) ಕ್ರ್ಯಾಂಕ್ ಎಡಕ್ಕೆ ತಿರುಗಲು ಶುರುವಾದ ಎಷ್ಟು ಡಿಗ್ರಿ ಆದ ಮೇಲೆ ರೋಟರ್ ಅಲುಗುತ್ತದೆ, ನೋಡಿ. ಹತ್ತರ ಹತ್ತಿರ ಬಂದರೆ, ವಾಲ್ವ್ ಎತ್ತುವ ಕ್ಯಾಮ್ ದಂಡವನ್ನು ಕ್ರ್ಯಾಂಕ್‌ನಿಂದ ತಿರುಗಿಸುವ ಚೈನ್ ಮುಗಿದಿದೆ. ಆ ಕಾಲದ ಹಲವು ಇಂಜಿನ್‌ಗಳಲ್ಲಿ ಸದ್ದು ಕಡಿಮೆಯಾಗಲಿ ಎಂದು ಕ್ಯಾಮ್ ಗೇರಿಗೆ ನೈಲಾನ್ ಹಲ್ಲು ಕೂರಿಸಿದ್ದರು. ಅದು ವಯಸ್ಸಾದಂತೆ ಪುಡಿಯಾಗಿ ಆಯಿಲ್ ಸಂಪಿಗೆ ಬಿದ್ದು ಪಂಪಿನ ಜಾಲರಿಯನ್ನೇ ಕಟ್ಟುತ್ತದೆ. ಪೂರ್ತಿ ಉಕ್ಕಿನ ಸೆಟ್ ಹಾಕಿ, ಸಂಪನ್ನೂ ಇಳಿಸಿ ತೊಳೆಯಿರಿ.

ಗುರುತು ಸುಳ್ಳು ಹೇಳುತ್ತದೆ

ಕ್ರ್ಯಾಂಕಿನ ಮುಂದಿರುವ ಬ್ಯಾಲೆನ್ಸರ್ ಎರಡು ಭಾಗದ್ದು: ಒಳಗಿನ ಗುಂಬ, ಹೊರಗಿನ ಉಂಗುರ, ನಡುವೆ ರಬ್ಬರ್. ಐವತ್ತು ವರ್ಷದ ರಬ್ಬರ್ ಹಿಡಿತ ಬಿಟ್ಟು ಉಂಗುರ ಜಾರುತ್ತದೆ. ಟೈಮಿಂಗ್ ಗೆರೆ ಇರುವುದು ಉಂಗುರದ ಮೇಲೆ. ಟೈಮಿಂಗ್ ಲೈಟ್‌ನಲ್ಲಿ ಎಲ್ಲ ಸರಿ ಕಾಣುತ್ತದೆ, ಗಾಡಿ ಮಾತ್ರ ಏಳುವುದಿಲ್ಲ.

ಪರೀಕ್ಷೆ ಸುಲಭ. ಬ್ಯಾಟರಿ ವೈರ್ ಕಳಚಿ. ಒಂದನೇ ಸಿಲಿಂಡರಿನ (ಅಮೆರಿಕನ್ ಚಾಲಕನ ಬದಿ, ಅಂದರೆ ಗಾಡಿಯ ಎಡಗಡೆ, ಎಲ್ಲಕ್ಕಿಂತ ಮುಂದಿನದು) ಪ್ಲಗ್ ರಂಧ್ರಕ್ಕೆ ಪಿಸ್ಟನ್ ಸ್ಟಾಪ್ (ಪಿಸ್ಟನ್ ಪೂರ್ತಿ ಮೇಲೇರದಂತೆ ತಡೆಯುವ ಬೋಲ್ಟ್) ಹಾಕಿ. ಕೈಯಲ್ಲಿ ಬಲಕ್ಕೆ ತಿರುಗಿಸಿ. ಪಿಸ್ಟನ್ ತಾಗಿ ನಿಂತಲ್ಲಿ ಸೊನ್ನೆ ಗುರುತಿನ ಎದುರಿಗೆ ಚಾಕ್‌ನಲ್ಲಿ ಗೀಟು ಹಾಕಿ. ಎಡಕ್ಕೆ ತಿರುಗಿಸಿ ನಿಂತಲ್ಲಿ ಇನ್ನೊಂದು. ಎರಡರ ನಟ್ಟನಡುವೆ ಇರುವುದೇ ನಿಜವಾದ ಟಿಡಿಸಿ, ಅಂದರೆ ಪಿಸ್ಟನ್ ಅತಿ ಮೇಲಿರುವ ಜಾಗ. ಹಳೇ ಗೆರೆ ಅಲ್ಲಿಲ್ಲವೆಂದರೆ ಬ್ಯಾಲೆನ್ಸರ್ ಬದಲಿಸಿ.

ಡ್ವೆಲ್, ಆಮೇಲೆ ಟೈಮಿಂಗ್

1974ರವರೆಗಿನ ಹೆಚ್ಚಿನ ಗಾಡಿಗಳ ಡಿಸ್ಟ್ರಿಬ್ಯೂಟರ್‌ನಲ್ಲಿ ಪಾಯಿಂಟ್ (ತೆರೆದು ಮುಚ್ಚಿ ಕಿಡಿ ಹುಟ್ಟಿಸುವ ಸ್ವಿಚ್) ಇರುತ್ತದೆ. ಅದು ಮುಚ್ಚಿರುವಷ್ಟು ಡಿಗ್ರಿಯೇ ಡ್ವೆಲ್. ಹೊಸ ಪಾಯಿಂಟಿಗೆ 0.019 ಇಂಚು ಸಂದು. ಡಿಸ್ಟ್ರಿಬ್ಯೂಟರ್ ಮುಚ್ಚಳದ ಪಕ್ಕದಲ್ಲೊಂದು ಪುಟ್ಟ ಕಿಟಕಿಯಿದೆ. ಅದನ್ನು ಎತ್ತಿ, ಇಂಜಿನ್ ಓಡುತ್ತಿರುವಾಗಲೇ 1/8 ಇಂಚಿನ ಅಲೆನ್ ಕೀ ತೂರಿಸಿ ಬಲಕ್ಕೆ ತಿರುಗಿಸಿ. ಇಂಜಿನ್ ಮಿಸ್ ಹೊಡೆಯಲು ಶುರುವಾದ ಕೂಡಲೇ ಅರ್ಧ ಸುತ್ತು ಹಿಂದಕ್ಕೆ. ಡ್ವೆಲ್ ಮೀಟರ್ ಇದ್ದರೆ 30 ಡಿಗ್ರಿಗೆ ನಿಲ್ಲಿಸಿ. ಡ್ವೆಲ್ ಬದಲಾದರೆ ಟೈಮಿಂಗೂ ಬದಲಾಗುತ್ತದೆ, ಹಾಗಾಗಿ ಈ ಕ್ರಮ ತಪ್ಪಿಸಬೇಡಿ.

ಈಗ ಡಿಸ್ಟ್ರಿಬ್ಯೂಟರ್‌ನ ವ್ಯಾಕ್ಯೂಮ್ ಪೈಪ್ ಕಳಚಿ ಬಾಯಿ ಮುಚ್ಚಿ. ಐಡ್ಲಿಂಗ್‌ನಲ್ಲಿ ಟಿಡಿಸಿಗಿಂತ 10–12 ಡಿಗ್ರಿ ಮುಂಚೆ, ಮೂರು ಸಾವಿರ ಆರ್‌ಪಿಎಂ ಏರಿಸಿದಾಗ ಒಟ್ಟು 34–36 ಡಿಗ್ರಿ ಬರಬೇಕು. ಅಷ್ಟು ದೂರದ ಗೆರೆ ಇಲ್ಲದಿದ್ದರೆ ನೀವೇ ಹಾಕಿ: 8 ಇಂಚು ವ್ಯಾಸದ ಬ್ಯಾಲೆನ್ಸರ್‌ನಲ್ಲಿ 36 ಡಿಗ್ರಿ ಎಂದರೆ ಅಂಚಿನ ಮೇಲೆ 64 ಮಿ.ಮೀ., 6.75 ಇಂಚಿನದರಲ್ಲಿ 54. ಏರಿಸಿದರೂ ಗೆರೆ ಕದಲದಿದ್ದರೆ ರೋಟರ್ ಕೆಳಗಿನ ತೂಕದ ತುಂಡುಗಳು ತುಕ್ಕು ಹಿಡಿದು ಅಂಟಿವೆ. ಎರಡು ಸ್ಕ್ರೂ ಬಿಚ್ಚಿದರೆ ಕಾಣುತ್ತವೆ. ಒರೆಸಿ, ಒಂದೆರಡು ಹನಿ ಎಣ್ಣೆ ಬಿಡಿ. ಎಷ್ಟೋ ಗಾಡಿಗಳ ರೋಗ ಇಲ್ಲಿಗೇ ವಾಸಿಯಾಗುತ್ತದೆ.

ಉರಿಯುವ ಕ್ರಮ 1-8-4-3-6-5-7-2. ಐದು ಮತ್ತು ಏಳು ಪಕ್ಕಪಕ್ಕದವು, ಒಂದರ ಹಿಂದೊಂದು ಉರಿಯುವವು. ಅವುಗಳ ವೈರ್ ಜೊತೆಜೊತೆಯಾಗಿ ಕಟ್ಟಿದರೆ ಒಂದರ ಕಿಡಿ ಇನ್ನೊಂದಕ್ಕೆ ಹಾರುತ್ತದೆ.

ಆಯಿಲ್, ಪೆಟ್ರೋಲ್

ಕ್ಯಾಮ್ ಮೇಲೆ ನೇರ ಉಜ್ಜುವ ಚಪ್ಪಟೆ ಟ್ಯಾಪೆಟ್‌ಗಳಿಗೆ ಸತು ಮತ್ತು ರಂಜಕ ಬೇಕು. ಈಗಿನ ಕಾರಿನ ತೆಳು ಆಯಿಲ್‌ಗಳಲ್ಲಿ ರಂಜಕಕ್ಕೆ 800 ಪಿಪಿಎಂ ಮಿತಿ. ಹಳೇ ಇಂಜಿನ್‌ಗೆಂದೇ ಬರುವ, ಸಾವಿರ ಮೀರಿದ್ದನ್ನು ಹುಡುಕಿ. ಫಿಲ್ಟರ್ ಸೇರಿ ಸುಮಾರು 4.7 ಲೀಟರ್ ಹಿಡಿಯುತ್ತದೆ. ಎಥೆನಾಲ್ ಬೆರೆತ ಪೆಟ್ರೋಲ್ ಹಳೇ ರಬ್ಬರ್ ಪೈಪನ್ನು ಮೆತ್ತಗೆ ಮಾಡುತ್ತದೆ. ಅಮೆರಿಕದಲ್ಲಿ ಅದು ಸಾಮಾನ್ಯವಾಗಿ ಶೇ 10, ನಮ್ಮ ಬಂಕುಗಳಲ್ಲಿ ಈಗ ಶೇ 20. ಪೈಪ್‌ಗಳನ್ನೆಲ್ಲ ಬದಲಿಸಿಬಿಡಿ.

ಇಷ್ಟಾದ ಮೇಲೂ ಐಡ್ಲಿಂಗ್‌ನಲ್ಲಿ ವ್ಯಾಕ್ಯೂಮ್ ಗೇಜ್ ಪಾದರಸದ 17–21 ಇಂಚಿನಲ್ಲಿ ಅಲುಗದೆ ನಿಂತು, ಜೋರಾಗಿ ಒತ್ತಿದಾಗ ಮಾತ್ರ ಗಾಡಿ ಮುಗ್ಗರಿಸಿದರೆ, ಈಗ ಕಾರ್ಬೊರೇಟರ್ ಸರದಿ. ನಾಲ್ಕು ಬಾಯಿಯ ಕ್ವಾಡ್ರಾಜೆಟ್ ಆಗಿದ್ದರೆ ಪೆಟ್ರೋಲ್ ಒಳಬರುವ ದೊಡ್ಡ ನಟ್ಟಿನ ಹಿಂದಿನ ಫಿಲ್ಟರ್ ಮೊದಲು ನೋಡಿ. ಕಟ್ಟಿಕೊಂಡಿರುವುದು ಅದೇ ಇರಬಹುದು. ಇಂಜಿನ್ ತಣ್ಣಗಿರಲಿ, ಕೆಳಗೆ ಬಟ್ಟೆ ಹಾಸಿ. ಮತ್ತೆ ಹಾಕುವಾಗ ಸ್ಪ್ರಿಂಗ್ ಒಳಗೆ, ಆಮೇಲೆ ಫಿಲ್ಟರ್, ಅದರ ತೂತು ನಟ್ಟಿನ ಕಡೆಗೆ. ಕಾರ್ಬೊರೇಟರ್ ಮೈ ಮೆತ್ತನೆಯ ಲೋಹದ್ದು, ಥ್ರೆಡ್ ಬೇಗ ಹೋಗುತ್ತದೆ. ಮೊದಲ ಮೂರು ಸುತ್ತು ಬೆರಳಲ್ಲೇ ತಿರುಗಿಸಿ.