ಮಳೆ ಕಳೆದ ಮೇಲೆ ಕುಂಡದ ಗಿಡಗಳಿಗೆ ಏನು ಮಾಡಬೇಕು?

ದಸರಾ ಬೊಂಬೆಗಳನ್ನು ಪೆಟ್ಟಿಗೆಗೆ ಸೇರಿಸಿದ ಮೇಲೆ ಎಷ್ಟೋ ಜನ ಕತ್ತರಿ ಹಿಡಿದು ತಾರಸಿ ಹತ್ತುತ್ತಾರೆ. ಮಳೆಗೆ ಗಿಡಗಳೆಲ್ಲ ಅಡ್ಡಾದಿಡ್ಡಿ ಬೆಳೆದಿರುತ್ತವೆ. ಒಂದೇ ಭಾನುವಾರ ಎಲ್ಲವನ್ನೂ ಸವರಿ, ತಲಾ ಒಂದು ಹಿಡಿ ಗೊಬ್ಬರ ಹಾಕಿ ಮುಗಿಸೋಣ ಅನ್ನಿಸುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಗುಲಾಬಿಗೆ ಈಗ ಕತ್ತರಿ ಬೇಕೇ ಬೇಕು. ಸೇವಂತಿಗೆಗೆ ಈಗ ಕತ್ತರಿ ತಾಗಿಸಿದರೆ ಈ ವರ್ಷದ ಹೂವು ಹೋದಂತೆಯೇ. ಮಲ್ಲಿಗೆಯ ಸರದಿ ಇನ್ನೂ ಬಂದಿಲ್ಲ. ಯಾವ ಗಿಡ ಯಾವಾಗ ಹೂ ಬಿಡುತ್ತದೆ ಅಂತ ನೋಡಿಕೊಂಡು ಕೈ ಹಾಕಿ. ನಾನು ಹೇಳುವುದು ಬೆಂಗಳೂರು, ಮೈಸೂರಿನಂಥ ಬಯಲುಸೀಮೆ ಊರಿನ ಲೆಕ್ಕ. ಕರಾವಳಿ, ಮಲೆನಾಡಿನವರು ಮಳೆ ಪೂರ್ತಿ ಬಿಡುವವರೆಗೆ ಕಾಯಬೇಕು.

ಕತ್ತರಿಗಿಂತ ಮೊದಲು ಮಣ್ಣು ನೋಡಿ. ಜೂನ್‌ನಿಂದ ಮಳೆ ಹೊಡೆದು ಹೊಡೆದು ಕುಂಡದ ಮಣ್ಣಿನ ಸತ್ವ ಕೊಚ್ಚಿ ಹೋಗಿರುತ್ತದೆ, ಮೇಲೆ ಪಾಚಿ ಕಟ್ಟಿರುತ್ತದೆ. ಅಡಿಯ ತೂತು ಬೇರಿನಿಂದಲೋ ಜೇಡಿಯಿಂದಲೋ ಮುಚ್ಚಿಕೊಂಡಿರುತ್ತದೆ. ಒಂದು ಚೊಂಬು ನೀರು ಹಾಕಿ ನಿಂತು ನೋಡಿ. ಒಂದೆರಡು ನಿಮಿಷದಲ್ಲಿ ಕೆಳಗಿನಿಂದ ನೀರು ಬಂದರೆ ಸರಿ. ಮೇಲೆಯೇ ನಿಂತರೆ ಕುಂಡವನ್ನು ಮಗ್ಗುಲಿಗೆ ವಾಲಿಸಿ, ತೂತಿನೊಳಗೆ ಕಡ್ಡಿ ಆಡಿಸಿ. ಅದಕ್ಕೂ ಬಗ್ಗದಿದ್ದರೆ ಗಿಡವನ್ನು ಹೊರಗೆ ತೆಗೆಯಲೇಬೇಕು. ಹಿಂದಿನ ದಿನ ನೀರು ಹಾಕಬೇಡಿ. ಕುಂಡದ ಸುತ್ತ ಅಂಗೈಯಿಂದ ತಟ್ಟಿ, ಬುಡವನ್ನು ಎರಡು ಬೆರಳ ನಡುವೆ ಹಿಡಿದು ಬೋರಲು ಮಾಡಿದರೆ ಮಣ್ಣಿನ ಗಡ್ಡೆ ಇಡಿಯಾಗಿ ಬರುತ್ತದೆ. ಅದನ್ನು ಮೂಸಿ ನೋಡಿ. ಒಳ್ಳೆ ಮಣ್ಣಿಗೆ ಮೊದಲ ಮಳೆಯ ವಾಸನೆ ಇರುತ್ತದೆ. ಹುಳಿ ವಾಸನೆ ಬಂದರೆ ಒಳಗೆ ನೀರು ನಿಂತಿದೆ ಅಂತ ಅರ್ಥ. ಬೇರು ಬೆಳ್ಳಗೆ ಗಟ್ಟಿಯಾಗಿದ್ದರೆ ಗಿಡ ಚೆನ್ನಾಗಿದೆ. ಕಂದಾಗಿ, ಹಿಡಿದರೆ ಸಿಪ್ಪೆ ಜಾರಿ ಒಳಗಿನ ನಾರು ಮಾತ್ರ ಕೈಗೆ ಬಂದರೆ ಅಷ್ಟನ್ನೂ ಕತ್ತರಿಸಿ ಹಾಕಿ. ಗೋಡೆಗಂಟಿ ಸುತ್ತಿಕೊಂಡ ಬೇರನ್ನು ಬೆರಳಲ್ಲಿ ಬಿಡಿಸಿ, ಒಂದೆರಡು ಇಂಚು ದೊಡ್ಡ ಕುಂಡಕ್ಕೆ ಹಾಕಿದರೆ ಸಾಕು. ಸುಮ್ನೆ ದೊಡ್ಡ ಡ್ರಮ್ಮಿಗೆ ಹಾಕಿದರೆ ಬೇರು ಕುಡಿಯದ ನೀರು ಮಣ್ಣಿನಲ್ಲೇ ನಿಲ್ಲುತ್ತದೆ.

ಹೊಸ ಮಣ್ಣಿಗೆ ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಎರೆಗೊಬ್ಬರ ಅಥವಾ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಪಾಲು ಮರಳು ಅಥವಾ ತೆಂಗಿನ ನಾರಿನ ಪುಡಿ. ಇದಕ್ಕೆ ಒಂದು ಹಿಡಿ ಬೇವಿನ ಹಿಂಡಿ ಸೇರಿಸಿ. ತೂತಿನ ಮೇಲೆ ಒಂದು ಹಂಚಿನ ಚೂರು ಸಾಕು. ಅಡಿಯಲ್ಲಿ ಜಲ್ಲಿ ತುಂಬಿಸುವವರಿದ್ದಾರೆ. ಅದರಿಂದ ನೀರು ಬೇಗ ಬಸಿಯುವುದಿಲ್ಲ, ಬೇರಿಗೆ ಸಿಗುವ ಜಾಗ ಕಡಿಮೆಯಾಗುತ್ತದೆ ಅಷ್ಟೇ. ಕುಂಡ ಬದಲಿಸುವುದು ಬೇಡ ಅನ್ನಿಸಿದರೆ ಮೇಲಿನ ಎರಡು ಇಂಚು ಮಣ್ಣು ಕೆರೆದು ತೆಗೆದು ಅಷ್ಟೇ ಹೊಸ ಮಣ್ಣು ತುಂಬಿ.

ಮಳೆ ಹೋಯಿತು ಅಂತ ನಂಬಿ ಕೂರುವ ಹಾಗೂ ಇಲ್ಲ. ಮಳೆ ನಕ್ಷತ್ರಗಳಲ್ಲಿ ಹಸ್ತ ಮುಗಿದ ಮೇಲೆ ಚಿತ್ತೆ, ಆಮೇಲೆ ಸ್ವಾತಿ. ಹಿಂಗಾರು ಬಿಟ್ಟು ಬಿಟ್ಟು ಸುರಿಯುತ್ತದೆ. ಚಿತ್ತೆಯಂತೂ ಈ ಬೀದಿಯಲ್ಲಿ ಸುರಿದು ಪಕ್ಕದ ಬೀದಿಯನ್ನು ಒಣಗಿಸಿಬಿಡುತ್ತದೆ. ಅದಕ್ಕೇ ದಿನಾ ಇಷ್ಟೇ ನೀರು ಅಂತ ಲೆಕ್ಕ ಇಟ್ಟುಕೊಳ್ಳಬೇಡಿ. ಬೆರಳನ್ನು ಎರಡು ಗೆಣ್ಣಿನವರೆಗೆ ಮಣ್ಣಿಗೆ ಇಳಿಸಿ. ತೇವ ಇದ್ದರೆ ನೀರು ಬೇಡ. ಹಾಕುವುದಾದರೆ ಬೆಳಗ್ಗೆ, ಬುಡಕ್ಕೆ ಮಾತ್ರ. ಸಂಜೆ ಎಲೆ ಒದ್ದೆಯಾದರೆ ರಾತ್ರಿಯಿಡೀ ಒದ್ದೆಯಾಗೇ ಇದ್ದು ಗುಲಾಬಿಗೆ ಕಪ್ಪು ಚುಕ್ಕೆ ರೋಗ ಬರುತ್ತದೆ. ಕುಂಡದ ಕೆಳಗಿನ ತಟ್ಟೆಗಳನ್ನು ತೆಗೆದಿಡಿ. ನಿಂತ ನೀರಿನಲ್ಲಿ ಡೆಂಗ್ಯೂ ಸೊಳ್ಳೆ ಮೊಟ್ಟೆ ಇಡುತ್ತದೆ.

ಈಗ ಗುಲಾಬಿ. ಅಕ್ಟೋಬರ್‌ನಲ್ಲಿ ನಾಲ್ಕು ದಿನ ಬಿಸಿಲು ಬಿದ್ದ ಮೇಲೆ ಸವರಿ. ಒಣಗಿದ್ದು, ಪೆನ್ಸಿಲ್‌ಗಿಂತ ಸಣ್ಣಗಿರುವುದು, ಒಂದಕ್ಕೊಂದು ಉಜ್ಜುವುದು, ಈ ಮೂರನ್ನು ಬುಡದಿಂದಲೇ ತೆಗೆಯಿರಿ. ಉಳಿದದ್ದರಲ್ಲಿ ಮೂರನೇ ಒಂದು ಭಾಗ ಕತ್ತರಿಸಿ. ಎಲ್ಲಿ ಕತ್ತರಿಸಬೇಕು ಅನ್ನುವುದೇ ಮುಖ್ಯ. ಎಲೆಯ ಬುಡದಲ್ಲಿ ಕೆಂಪಗೆ ಉಬ್ಬಿದ ಕಣ್ಣು ಇರುತ್ತದೆ. ಹೊರಗೆ ಮುಖ ಮಾಡಿದ ಕಣ್ಣು ಹುಡುಕಿ, ಅದರ ಕಾಲು ಇಂಚು ಮೇಲೆ ಓರೆಯಾಗಿ ಕತ್ತರಿಸಿ. ಇಳಿಜಾರು ಕಣ್ಣಿನ ಆಚೆ ಬದಿಗೆ ಇರಲಿ. ನೀರು ಆ ಕಡೆ ಹರಿದು ಹೋಗುತ್ತದೆ. ಹೊಸ ಕೊಂಬೆ ಹೊರಕ್ಕೆ ಚಾಚಿದರೆ ಗಿಡದ ನಡುವೆ ಗಾಳಿ ಬೆಳಕು ಆಡುತ್ತದೆ. ಕಸಿ ಕಟ್ಟಿದ ಗಂಟಿನ ಕೆಳಗಿನಿಂದ ಬಂದ ಚಿಗುರು ಎಷ್ಟು ಚೆನ್ನಾಗಿ ಕಂಡರೂ ಕಿತ್ತುಬಿಡಿ. ಅದು ನಿಮ್ಮ ಗುಲಾಬಿ ಅಲ್ಲ, ಕಾಡು ಬೇರಿನದ್ದು. ಬಿಟ್ಟರೆ ವರ್ಷದೊಳಗೆ ಇಡೀ ಕುಂಡ ಅದರದ್ದೇ ಆಗುತ್ತದೆ. ಕತ್ತರಿಸಿದ ತುದಿಗೆ ಕಾಪರ್ ಆಕ್ಸಿಕ್ಲೋರೈಡ್ ಅನ್ನುವ ಶಿಲೀಂಧ್ರನಾಶಕ ಪುಡಿಯನ್ನು ನೀರಲ್ಲಿ ಗಟ್ಟಿಯಾಗಿ ಕಲಸಿ ಹಚ್ಚಿ. ಸುಮಾರು ಏಳು ವಾರಕ್ಕೆ ಹೂವು ಬರುತ್ತದೆ.

ಸೇವಂತಿಗೆಯ ಸ್ವಭಾವ ಬೇರೆ. ರಾತ್ರಿ ಉದ್ದವಾಗುತ್ತಾ ಬಂದಾಗ ಅದು ಮೊಗ್ಗು ಕಟ್ಟುತ್ತದೆ. ಕತ್ತಲು ಅದಕ್ಕೆ ಗೊಬ್ಬರದಷ್ಟೇ ಮುಖ್ಯ. ಗಿಡ ಸೊಂಪಾಗಿದೆ, ಮೊಗ್ಗೇ ಇಲ್ಲ ಅನ್ನುವವರು ರಾತ್ರಿ ಒಮ್ಮೆ ಹೊರಗೆ ಬಂದು ನೋಡಿ. ಬೀದಿ ದೀಪವೋ ಗೇಟಿನ ಲೈಟೋ ಅದರ ಮೇಲೆ ಬೀಳುತ್ತಿರುತ್ತದೆ. ಚಿಕ್ಕಬಳ್ಳಾಪುರ, ಕೋಲಾರದ ಕಡೆ ಸೇವಂತಿಗೆ ಹೊಲಗಳಲ್ಲಿ ರಾತ್ರಿ ಸಾಲಾಗಿ ಬಲ್ಬ್ ಉರಿಯುವುದನ್ನು ನೋಡಿರಬಹುದು. ಹೂವು ತಡವಾಗಿ ಬರಲಿ ಅಂತಲೇ ರೈತರು ಹಾಗೆ ಮಾಡುತ್ತಾರೆ. ನಮಗೆ ಬೇಕಾದ್ದು ಅದರ ಉಲ್ಟಾ, ಅಲ್ವಾ? ಕುಂಡವನ್ನು ಹಗಲು ಬಿಸಿಲು, ರಾತ್ರಿ ಕತ್ತಲು ಇರುವ ಕಡೆ ಇಡಿ. ಕಡ್ಡಿ ಊರಿ ಸಡಿಲವಾಗಿ ಕಟ್ಟಿ. ಹೂವೆಲ್ಲ ಮುಗಿದ ಮೇಲೆ ಮೂರು ನಾಲ್ಕು ಇಂಚು ಬಿಟ್ಟು ಕತ್ತರಿಸಿದರೆ ಬುಡದಿಂದ ಮರಿಗಳು ಬರುತ್ತವೆ.

ದಾಸವಾಳ ಹೊಸ ಚಿಗುರಿನಲ್ಲಿ ಹೂ ಬಿಡುತ್ತದೆ. ಈಗ ತುದಿಗಳನ್ನು ಮಾತ್ರ ಕತ್ತರಿಸಿ. ಬಲವಾಗಿ ಸವರುವುದಿದ್ದರೆ ಚಳಿ ಕಳೆದು ಫೆಬ್ರವರಿ ಬರಲಿ. ಅದರ ದೊಡ್ಡ ಕಾಟ ಹಿಟ್ಟು ತಿಗಣೆ. ಎಲೆಯ ಸಂದಿಯಲ್ಲಿ ಹತ್ತಿಯ ಹಾಗೆ ಬೆಳ್ಳಗೆ ಕೂತಿರುತ್ತದೆ. ಕಾಂಡದ ಮೇಲೆ ಇರುವೆ ಸಾಲು ಕಂಡರೆ ತಿಗಣೆ ಇದೆ ಅಂತಲೇ ತಿಳಿಯಿರಿ. ಅದು ಸುರಿಸುವ ಸಿಹಿ ಅಂಟಿಗಾಗಿ ಇರುವೆಗಳು ಅದನ್ನು ಕಾಪಾಡುತ್ತವೆ. ಮೊದಲು ಪೈಪಿನ ನೀರು ಜೋರಾಗಿ ಬಿಟ್ಟು ತೊಳೆಯಿರಿ. ಆಮೇಲೆ ಒಂದು ಲೀಟರ್ ನೀರಿಗೆ 5 ಎಂಎಲ್ ಬೇವಿನೆಣ್ಣೆ, ನಾಲ್ಕು ಹನಿ ಸೋಪಿನ ದ್ರವ ಹಾಕಿ ಚೆನ್ನಾಗಿ ಕುಲುಕಿ, ಬಿಸಿಲು ಇಳಿದ ಮೇಲೆ ಎಲೆಯ ಅಡಿಗೂ ತಾಗುವಂತೆ ಸಿಂಪಡಿಸಿ. ವಾರಕ್ಕೊಮ್ಮೆ, ಮೂರು ವಾರ. ಒಂದೇ ಸಲಕ್ಕೆ ಹೋಗುವುದಿಲ್ಲ.

ಕಾಗದದ ಹೂವಿಗೆ ಬಿಸಿಲು ಜಾಸ್ತಿ ಬೇಕು, ನೀರು ಕಡಿಮೆ ಸಾಕು. ಎಲೆ ಸ್ವಲ್ಪ ಬಾಡುವವರೆಗೆ ಕಾದು ನೀರು ಹಾಕಿ, ಬಣ್ಣ ತಾನಾಗೇ ಬರುತ್ತದೆ. ಕಾಕಡ ಚಳಿಗಾಲದ ಹೂವು, ಅದನ್ನು ಈಗ ಮುಟ್ಟಲೇಬೇಡಿ. ದುಂಡು ಮಲ್ಲಿಗೆಗೆ ನವೆಂಬರ್ ಕೊನೆಯವರೆಗೆ ಏನೂ ಮಾಡಬೇಡಿ. ಆಮೇಲೆ ಹತ್ತು ಹನ್ನೆರಡು ದಿನ ನೀರು ಕಡಿಮೆ ಮಾಡಿ, ಅರ್ಧಕ್ಕೆ ಸವರಿ, ಎಲೆ ಉದುರಿಸಿ, ಗೊಬ್ಬರ ಕೊಟ್ಟು ನೀರು ಶುರು ಮಾಡಿ. ಬೇಸಿಗೆ ಕಾಲಿಡುವ ಹೊತ್ತಿಗೆ ಮೊಗ್ಗು ಬರುತ್ತದೆ.

ಹೂ ಗಿಡಗಳಿಗೆ ನಾನು ನೆಚ್ಚಿಕೊಂಡಿರುವುದು ಕಡಲೆಕಾಯಿ ಹಿಂಡಿ. 100 ಗ್ರಾಂ ಹಿಂಡಿ ಒಂದು ಲೀಟರ್ ನೀರಿನಲ್ಲಿ ಮೂರು ದಿನ ನೆನೆಯಲಿ. ವಾಸನೆ ಜೋರು, ಮುಚ್ಚಿಡಿ. ಒಂದಕ್ಕೆ ಹತ್ತು ಪಾಲು ನೀರು ಬೆರೆಸಿ, ಹದಿನೈದು ದಿನಕ್ಕೊಮ್ಮೆ, ತೇವ ಇರುವ ಮಣ್ಣಿಗೆ ಒಂದು ಲೋಟ. ಈಗಷ್ಟೇ ಕುಂಡ ಬದಲಿಸಿದ ಗಿಡಕ್ಕೆ ಮೂರು ವಾರ ಇದೂ ಬೇಡ. ಚಹಾ ಚರಟವನ್ನು ಸಕ್ಕರೆ ತೊಳೆದು ಒಣಗಿಸಿ ಹಾಕಿ, ಇಲ್ಲದಿದ್ದರೆ ಇರುವೆ ಬರುತ್ತದೆ.

ದೀಪಾವಳಿಯ ಮರುದಿನ ಎಲೆಗಳ ಮೇಲೆ ಪಟಾಕಿ ಮಸಿ ಕೂತಿರುತ್ತದೆ. ಬೆಳಗ್ಗೆಯೇ ನೀರು ಚಿಮುಕಿಸಿ ತೊಳೆದುಬಿಡಿ. ತುಳಸಿ ಹಬ್ಬಕ್ಕೆ ನೆಲ್ಲಿ ಕೊಂಬೆಯನ್ನು ತುಳಸಿಯ ಬುಡದಲ್ಲೇ ಚುಚ್ಚುತ್ತೇವೆ, ಬೇರು ಹರಿಯುತ್ತದೆ. ಕುಂಡದ ಅಂಚಿಗೆ ದಾರದಿಂದ ಕಟ್ಟಿದರೂ ಪೂಜೆ ಪೂಜೆಯೇ. ಅರಿಶಿನ ಕುಂಕುಮ ಕಟ್ಟೆಗೆ ಇರಲಿ, ಮಣ್ಣಿಗೆ ಬೇಡ. ಚಳಿ ಶುರುವಾದರೆ ತುಳಸಿಗೆ ದಿನವೂ ಚೊಂಬು ತುಂಬಾ ನೀರು ತಡೆಯುವುದಿಲ್ಲ, ಉದ್ಧರಣೆಯಲ್ಲಿ ಬಿಟ್ಟರೆ ಸಾಕು. ತೆನೆಗಳನ್ನು ಆಗಾಗ ಚಿವುಟಿ. ಒಣಗಿದ ತೆನೆಯನ್ನು ಇನ್ನೊಂದು ಕುಂಡದಲ್ಲಿ ಉದುರಿಸಿ ಇಡಿ, ದೊಡ್ಡ ಗಿಡ ಹೋದರೂ ಸಸಿ ಇರುತ್ತದೆ.

ಆಯುಧ ಪೂಜೆಯ ಚೆಂಡುಹೂ ಹಾರವನ್ನು ಎಸೆಯಬೇಡಿ. ನೆರಳಿನಲ್ಲಿ ಒಣಗಲಿ. ಚೆನ್ನಾಗಿ ಬಲಿತ ಹೂವಿನ ತೊಟ್ಟು ಸೀಳಿದರೆ ಕಪ್ಪು ಕಡ್ಡಿಯಂಥ ಬೀಜಗಳು, ತುದಿಯಲ್ಲಿ ಹುಲ್ಲಿನ ಬಣ್ಣದ ಬಾಲ ಇರುತ್ತವೆ. ಪೂರ್ತಿ ಬಿಳಿಯದ್ದು ಜೊಳ್ಳು. ಕಾಲು ಇಂಚು ಮಣ್ಣು ಮುಚ್ಚಿ ಬಿತ್ತಿದರೆ ವಾರದೊಳಗೆ ಮೊಳಕೆ ಬರುತ್ತದೆ. ನಾಲ್ಕು ಜೊತೆ ಎಲೆ ಬಂದಾಗ ಕುಡಿ ಚಿವುಟಿ. ಹೈಬ್ರಿಡ್ ಹೂವಾಗಿದ್ದರೆ ತಾಯಿಯಷ್ಟು ದಪ್ಪ ಹೂ ಬರದೇ ಇರಬಹುದು. ದೀಪಾವಳಿಗೆ ಬಿತ್ತಿದ್ದು ಸಂಕ್ರಾಂತಿಯ ಹೊತ್ತಿಗೆ ಹೂವಾಗುತ್ತದೆ.